ರಾಹುಕಾಲ ಮುಗಿಯುವವರೆಗೆ ತೆರೆದಿದ್ದ ಟ್ಯಾಬ್

ಆ ಶುಕ್ರವಾರ ಮಧ್ಯಾಹ್ನ ಹನ್ನೆರಡು ಹೊಡೆದು ಸ್ವಲ್ಪ ಹೊತ್ತಾಗಿತ್ತು. ನಾನು ಆರ್.ಟಿ. ನಗರದ ಒಂದು ಸೈಬರ್ ಸೆಂಟರಿನ ಕೌಂಟರಿನೊಳಗೆ, ಜೆರಾಕ್ಸ್ ಮಷೀನಿಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ, ಕೈಯಲ್ಲಿ ಬಿಚ್ಚಿದ ಪವರ್ ಸಪ್ಲೈ ಹಿಡಿದು ನಿಂತಿದ್ದೆ. ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಕಂಪ್ಯೂಟರ್ ಪರದೆ ಇತ್ತು. ಅದರ ಮುಂದೆ ಕುಳಿತಿದ್ದ ಹುಡುಗಿ ಕಣ್ಣು ಮುಚ್ಚಿ, ತೆರೆದು, ಮೌಸನ್ನು ಒಮ್ಮೆ ಒತ್ತಿದಳು. ಅವಳು ಒತ್ತಿದ್ದನ್ನು ನಾನು ನೋಡಿದೆ. ಆಮೇಲೆ ಇದರ ಬಗ್ಗೆ ಬಹಳ ಜನ ಮಾತಾಡಿದರು. ಅಲ್ಲಿ ಇಲ್ಲದವರೇ ಹೆಚ್ಚು ಮಾತಾಡಿದರು. ಅದಕ್ಕಾಗಿ ಬರೆಯುತ್ತಿದ್ದೇನೆ.

ನಾನು ಕಂಪ್ಯೂಟರ್ ರಿಪೇರಿ ಮಾಡುವವನು. ಆ ಅಂಗಡಿಯಲ್ಲಿದ್ದ ಎರಡು ಕಂಪ್ಯೂಟರುಗಳಲ್ಲಿ ಒಂದು ಹಿಂದಿನ ಸಂಜೆ ಕೆಟ್ಟಿತ್ತು. ಬೆಳಿಗ್ಗೆಯೇ ಯಜಮಾನರು ಫೋನ್ ಮಾಡಿ, "ಗುರು, ಇವತ್ತು ಲಾಸ್ಟ್ ಡೇಟು, ಜನ ಸಾಯ್ತಾರೆ, ಬೇಗ ಬಾ" ಎಂದಿದ್ದರು. ಚಿಕ್ಕಬಾಣಾವರದ ನನ್ನ ಮನೆಯಿಂದ ಬಂದು ಸೇರುವಷ್ಟರಲ್ಲಿ ಅಂಗಡಿ ತುಂಬಿತ್ತು. ನಡೆಯುತ್ತಿದ್ದದ್ದು ಒಂದೇ ಕಂಪ್ಯೂಟರ್.

ಅದು ನರ್ಸಿಂಗ್ ಮತ್ತು ಲ್ಯಾಬ್ ಟೆಕ್ನಾಲಜಿ ಕಾಲೇಜುಗಳ ಒಂದು ಖಾಸಗಿ ಗುಂಪಿನ ಆಪ್ಷನ್ ಎಂಟ್ರಿಗೆ ಕೊನೆಯ ದಿನ. ಗುಂಪಿನ ಹೆಸರು ಬರೆಯುವುದಿಲ್ಲ. ಅವರ ಪ್ರವೇಶ ಪರೀಕ್ಷೆ ಬರೆದವರು ತಮಗೆ ಬೇಕಾದ ಕೋರ್ಸು, ಕಾಲೇಜುಗಳನ್ನು ಒಂದರ ಕೆಳಗೊಂದು ಜೋಡಿಸಿ ಸೇವ್ ಮಾಡಿ, ಕಡೆಗೆ 'ಲಾಕ್' ಎಂಬ ಗುಂಡಿ ಒತ್ತಬೇಕು. ಒತ್ತಿದಾಗ ಪರದೆಯ ಮೇಲಿರುವ ಆಯ್ಕೆಗಳು ಹೋಗಿ ಸರ್ವರಿನಲ್ಲಿ ಕೂರುತ್ತವೆ. ಆಮೇಲೆ ಬದಲಾಯಿಸುವಂತಿಲ್ಲ. ಲಾಕ್ ಮಾಡದವರಿಗೆ ಸೀಟಿಲ್ಲ.

ಮೊದಲು ಬಂದಿದ್ದವಳು ತಾತನ ಜೊತೆ ಬಂದ ಹುಡುಗಿ. ಬಡಾವಣೆ ಆಗುವುದಕ್ಕೆ ಮುಂಚೆ ಅಲ್ಲಿದ್ದ ಹಳ್ಳಿಯ ಮನೆತನ ಅವರದ್ದು. ತಂದೆ ಇಲ್ಲ, ತಾತನೇ ಸಾಕಿದ್ದು. ಅವಳಿಗೆ ಬೇಕಿದ್ದದ್ದು ಯಲಹಂಕದಾಚೆಯ ಒಂದು ನರ್ಸಿಂಗ್ ಕಾಲೇಜು. ಮೂರನೆಯ ಆಯ್ಕೆಯಾಗಿ ಚಿಕ್ಕಬಳ್ಳಾಪುರದ ಕಡೆಯ ಒಂದು ಸಣ್ಣ ಕಾಲೇಜನ್ನು ಹಾಕಿಸಿದ್ದರು. ಅಲ್ಲಿ ಅವಳ ಸೋದರತ್ತೆಯ ಮನೆ ಇದೆಯಂತೆ. ಬೇರೆ ಯಾರೂ ಆ ಕಾಲೇಜನ್ನು ಮೂರನೆಯದಾಗಿ ಹಾಕಲಾರರು. ಇದನ್ನು ನೆನಪಿಡಬೇಕು.

ಅಂಗಡಿಯಲ್ಲಿ ಜನರ ಫಾರ್ಮು ತುಂಬಿಕೊಡುವ ಆಪರೇಟರ್ ಹೆಂಗಸು ಎಲ್ಲ ತುಂಬಿಸಿ, ಸೇವ್ ಮಾಡಿ, "ಲಾಕ್ ಮಾಡ್ಲಾ ತಾತ?" ಎಂದರು.

"ತಡಿಯಮ್ಮಾ. ಈಗ ರಾಹುಕಾಲ. ಅನ್ನೆರಡು ಗಂಟೆ ಕಳೀಲಿ."

"ತಾತ, ಇಂಟರ್ನೆಟ್ಟಿಗೆಲ್ಲ ಯಾವ್ ರಾಹು?"

"ಅದ್ಕಿಲ್ದೆ ಇರ್ಬೋದು ಕಣಮ್ಮಾ. ನಮ್ ಮಗೀಗೈತಲ್ಲ."

ಎಲ್ಲರೂ ನಕ್ಕರು. ಆಪರೇಟರ್ ಕೂಡ ನಕ್ಕು, ಆ ಟ್ಯಾಬನ್ನು ಹಾಗೇ ಬಿಟ್ಟರು. ಯಾರೂ ಅದನ್ನು ವಿಚಿತ್ರವೆಂದುಕೊಳ್ಳಲಿಲ್ಲ. ಯಜಮಾನರೇ ಆ ಬೆಳಿಗ್ಗೆ ಎರಡೂ ಕಂಪ್ಯೂಟರಿಗೆ ಅರಿಶಿನ ಕುಂಕುಮ ಇಟ್ಟು ಊದುಬತ್ತಿ ಬೆಳಗಿದ್ದರು.

ಸಾಲು ಬಾಗಿಲು ದಾಟಿತ್ತು. ಸುಮ್ಮನೆ ಕಾಯುವುದು ಹೇಗೆಂದು ಆಪರೇಟರ್ ಪಕ್ಕದಲ್ಲೇ ಇನ್ನೊಂದು ಟ್ಯಾಬ್ ತೆರೆದು ಮುಂದಿನವರನ್ನು ಕರೆದರು. ಆ ಎರಡನೆಯ ಹುಡುಗಿ ತನ್ನ ತಾಯಿಯ ಜೊತೆ ಬಂದಿದ್ದಳು. ತಾಯಿ ಬುರ್ಖಾದ ಮೇಲೆ ಅಳತೆ ಟೇಪನ್ನು ಹಾಕಿಕೊಂಡೇ ಬಂದಿದ್ದರು. ಹಿಂದಿನ ಬೀದಿಯಲ್ಲಿ ಬ್ಲೌಸ್ ಹೊಲಿದು ಸೀರೆಗೆ ಕುಚ್ಚು ಕಟ್ಟಿಕೊಡುವ ಕೆಲಸ ಅವರದ್ದು. ತಾತ ಅವರನ್ನು ನೋಡಿ, "ನನ್ ಕಿರೀ ಸೊಸೆ ಸೀರೆ ಆಯ್ತೇನಮ್ಮಾ?" ಎಂದು ಕೇಳಿದರು. "ನಾಳೆ ಕೊಡ್ತೀನಿ ಅಜ್ಜ, ಈ ಕಾಲೇಜಿಂದು ಒಂದ್ ಮುಗೀಲಿ" ಎಂದರು ಆಕೆ. ಮಗಳಿಗೆ ಬೇಕಿದ್ದದ್ದು ಲ್ಯಾಬ್ ಟೆಕ್ನಾಲಜಿ, ಹೆಬ್ಬಾಳದ ಹತ್ತಿರದ ಕಾಲೇಜು.

ಆ ಹುಡುಗಿಯ ನಂಬರ್ ಹಾಕಿದರು. ತಾಯಿಯ ಫೋನಿಗೆ ಒಟಿಪಿ ಬಂತು. ಲಾಗಿನ್ ಆಯಿತು. ಆಯ್ಕೆಗಳನ್ನು ತುಂಬಿ ಸೇವ್ ಮಾಡಿದರು. ಇನ್ನೇನು ಲಾಕ್ ಒತ್ತಬೇಕು, ತಾತ ಗೋಡೆಯ ಗಡಿಯಾರ ನೋಡಿ ಎದ್ದರು.

"ಕಳೀತು. ಬಾ ಮಗಾ, ನೀನೇ ಒತ್ತು. ಬಲಗೈಲಿ."

ಆಪರೇಟರ್ ಎರಡನೆಯ ಹುಡುಗಿಗೆ "ಒಂದ್ ನಿಮಿಷ ಪುಟ್ಟಾ" ಎಂದು ಮೊದಲ ಟ್ಯಾಬಿಗೆ ಹೋದರು. ಪರದೆಯ ಮೂಲೆಯಲ್ಲಿ ಮೊದಲ ಹುಡುಗಿಯ ಹೆಸರೇ ಇತ್ತು. ನಡುವೆ ಅವಳದೇ ಆಯ್ಕೆಗಳಿದ್ದವು. ಅವಳು ಒತ್ತಿದಳು. ಹಸಿರು ಅಕ್ಷರದಲ್ಲಿ 'ನಿಮ್ಮ ಆಯ್ಕೆಗಳು ಲಾಕ್ ಆಗಿವೆ' ಎಂದು ಬಂತು. ಆ ಪುಟದಲ್ಲಿ ಯಾರ ಹೆಸರೂ ಇರಲಿಲ್ಲ. ತಾತ ಅಂಗಿಯ ಜೇಬಿನಿಂದ ಕಲ್ಲುಸಕ್ಕರೆ ತೆಗೆದು ಎಲ್ಲರಿಗೂ ಹಂಚಿದರು. ನನಗೂ ಕೊಟ್ಟರು. ಆ ತಾಯಿಗೂ ಕೊಟ್ಟರು.

ಬಳಿಕ ಎರಡನೆಯ ಟ್ಯಾಬಿಗೆ ಬಂದು ಲಾಕ್ ಒತ್ತಿದಾಗ 'ಈಗಾಗಲೇ ಲಾಕ್ ಆಗಿದೆ' ಎಂದು ಬಂತು. ಅಷ್ಟರಲ್ಲಿ ತಾಯಿಯ ಫೋನಿಗೂ ಲಾಕ್ ಆಯಿತೆಂಬ ಮೆಸೇಜು ಬಂದಿತ್ತು. "ಡಬಲ್ ಕ್ಲಿಕ್ ಆಗಿರ್ಬೇಕು ಬಿಡಿ, ಆಯ್ತಲ್ಲ" ಎಂದರು ಆಪರೇಟರ್. ತಾತನ ಫೋನಿಗೆ ಮೆಸೇಜು ಬರಲಿಲ್ಲ. "ಸರ್ವರ್ ಬಿಜಿ ತಾತ, ಸಂಜೆ ಬರುತ್ತೆ." ನಾನು ಆಗ ಬಗ್ಗಿ ಸ್ಕ್ರೂ ಹುಡುಕುತ್ತಿದ್ದೆ. ಮಾತು ಕೇಳಿಸಿತು, ಪರದೆ ಕಾಣಿಸಲಿಲ್ಲ.

ಸೀಟು ಹಂಚಿಕೆಯ ಫಲಿತಾಂಶ ಬಂದ ದಿನ ಯಜಮಾನರು ಮತ್ತೆ ಫೋನ್ ಮಾಡಿದರು. ಹಿಂದೆ ಗಲಾಟೆ ಕೇಳುತ್ತಿತ್ತು. "ಬಾ ಗುರು. ಬಂದು ವೈರಸ್ ಅಂತ ಹೇಳ್ಬಿಡು, ಸಾಕು."

ಹೋದಾಗ ತಿಳಿದದ್ದು ಇಷ್ಟು. ಮೊದಲ ಹುಡುಗಿಯ ಖಾತೆಯಲ್ಲಿ 'ಆಯ್ಕೆ ಲಾಕ್ ಮಾಡಿಲ್ಲ, ಸೀಟಿಗೆ ಅರ್ಹರಲ್ಲ' ಎಂದಿತ್ತು. ಎರಡನೆಯ ಹುಡುಗಿಗೆ ಅವಳು ಕೇಳದಿದ್ದ ನರ್ಸಿಂಗ್ ಸೀಟು ಬಂದಿತ್ತು, ಯಲಹಂಕದಾಚೆಯ ಆ ಕಾಲೇಜಿನಲ್ಲಿ. ಇದೇನೆಂದು ಅವಳ ಆಯ್ಕೆಗಳನ್ನು ತೆರೆದು ನೋಡುವಾಗ ಮೊದಲ ಹುಡುಗಿ ಹಿಂದೆ ನಿಂತಿದ್ದಳು. ಮೂರನೆಯ ಸಾಲಿನಲ್ಲಿ ತನ್ನ ಅತ್ತೆಯ ಊರಿನ ಕಾಲೇಜನ್ನು ಕಂಡು ಕೂಗಿಕೊಂಡಳು. ಅಲ್ಲಿಂದ ಮಾತು ಕೆಟ್ಟಿತು.

"ನಮ್ ಮಗಿ ಆಯ್ಕೊಂಡಿದ್ನ ಕದ್ದವ್ರೆ" ಎಂದರು ತಾತ. "ಪಕ್ದಲ್ಲೇ ಕೂತಿದ್ರಲ್ಲ, ನೋಡ್ಕೊಂಡು ಕದ್ದವ್ರೆ."

ತಾಯಿಯ ಮುಖ ಸುಣ್ಣವಾಗಿತ್ತು. "ಅಜ್ಜ, ನಮ್ಗೆ ನರ್ಸಿಂಗೇ ಬೇಡ. ಬೇಡ್ದಿರೋದನ್ನ ಯಾರಾದ್ರೂ ಕದೀತಾರಾ?"

"ಅದ್ನ ನೀನೇ ಯೋಳ್ಬೇಕು."

ವೈರಸ್ ಎಂದು ಹೇಳಲು ನಾನು ಒಪ್ಪಲಿಲ್ಲ. ವೈರಸ್ ಇರಲಿಲ್ಲ. ಏನಾಗಿದೆಯೆಂದು ನನಗೆ ಅಂದಾಜು ಹತ್ತಿತ್ತು, ಆದರೆ ಅಂದಾಜಿನ ಮೇಲೆ ಮಾತಾಡಬಾರದು. ಎರಡೂ ಮನೆಯವರ ಒಪ್ಪಿಗೆ ಕೇಳಿ ಎಲ್ಲರನ್ನೂ ಕೂರಿಸಿಕೊಂಡು, ಆ ಶುಕ್ರವಾರ ನಡೆದದ್ದನ್ನು ಅದೇ ಕಂಪ್ಯೂಟರಿನಲ್ಲಿ ಅದೇ ಕ್ರಮದಲ್ಲಿ ಮತ್ತೆ ನಡೆಸಿದೆ.

ಮೊದಲು ತಾತನಿಗೆ ವಿವರಿಸಿದೆ. "ತಾತ, ದೇವಸ್ಥಾನದಲ್ಲಿ ಚಪ್ಪಲಿ ಬಿಟ್ರೆ ಟೋಕನ್ ಕೊಡ್ತಾರಲ್ಲ. ವಾಪಸ್ ಬಂದಾಗ ಅವ್ನು ನಿಮ್ ಮುಖ ನೋಡಲ್ಲ, ಟೋಕನ್ ನೋಡ್ತಾನೆ. ಇದೂ ಹಾಗೇನೇ. ಲಾಗಿನ್ ಆದಾಗ ಆ ವೆಬ್‌ಸೈಟು ನಮ್ಮ ಬ್ರೌಸರಿಗೆ ಒಂದು ಟೋಕನ್ ಕೊಡುತ್ತೆ. ಕುಕಿ ಅಂತಾರೆ ಅದನ್ನ. ಆಮೇಲೆ ನಾವು ಏನು ಒತ್ತಿದ್ರೂ ಬ್ರೌಸರು ಆ ಟೋಕನ್ನೂ ಜೊತೆಗೆ ಕಳಿಸುತ್ತೆ. ಟೋಕನ್ ಯಾರದ್ದೋ, ಕೆಲ್ಸ ಅವ್ರ ಲೆಕ್ಕಕ್ಕೆ ಹೋಗುತ್ತೆ."

"ಸರಿ."

"ಈ ಬ್ರೌಸರಿಗೆ ಜೇಬು ಒಂದೇ. ಎಷ್ಟು ಟ್ಯಾಬ್ ತೆರೆದ್ರೂ ಜೇಬು ಒಂದೇ. ಅದೇ ವೆಬ್‌ಸೈಟಿಗೆ ಇನ್ನೊಬ್ರು ಲಾಗಿನ್ ಆದ್ರೆ ಹೊಸ ಟೋಕನ್ ಬಂದು ಹಳೇದು ಅಳಿಸಿಹೋಗುತ್ತೆ."

ನಾನು ಮೊದಲ ಹುಡುಗಿಯಿಂದ ಲಾಗಿನ್ ಮಾಡಿಸಿದೆ. ಕೀಬೋರ್ಡಿನ ಎಫ್ ಹನ್ನೆರಡು ಕೀ ಒತ್ತಿದರೆ ಬ್ರೌಸರಿನ ಒಳಭಾಗ ತೆರೆಯುತ್ತದೆ. ಅಲ್ಲಿ ಕುಕಿಗಳ ಜಾಗಕ್ಕೆ ಹೋಗಿ, ಲಾಗಿನ್ ಕುಕಿಯ ಉದ್ದನೆಯ ಅಕ್ಷರಮಾಲೆಯ ಕೊನೆಯ ತುಣುಕನ್ನು ಅವಳಿಂದಲೇ ಗಟ್ಟಿಯಾಗಿ ಓದಿಸಿದೆ. ಪಕ್ಕದ ಟ್ಯಾಬಿನಲ್ಲಿ ಎರಡನೆಯ ಹುಡುಗಿಯಿಂದ ಲಾಗಿನ್ ಮಾಡಿಸಿದೆ. ಮೊದಲ ಟ್ಯಾಬಿಗೆ ಮರಳಿ, ಅದೇ ಜಾಗದಲ್ಲಿ ಮತ್ತೆ ಓದಿಸಿದೆ. ಅಕ್ಷರಗಳು ಬೇರೆಯಾಗಿದ್ದವು. ಪರದೆಯ ಮೂಲೆಯಲ್ಲಿ ಮಾತ್ರ ಇನ್ನೂ ಮೊದಲ ಹುಡುಗಿಯ ಹೆಸರೇ ಇತ್ತು, ಏಕೆಂದರೆ ಆ ಪುಟ ಮುಂಚೆಯೇ ಬಂದು ನಿಂತದ್ದು. ಅದಕ್ಕೆ ಹೊರಗೆ ಏನಾಯಿತೆಂದು ಗೊತ್ತಿಲ್ಲ.

"ಆವತ್ತು ಒತ್ತಿದಾಗ ಆಯ್ಕೆ ಇವಳದ್ದು ಹೋಗಿದೆ, ಟೋಕನ್ ಅವಳದ್ದು ಹೋಗಿದೆ" ಎಂದೆ. "ಯಾರೂ ಕದ್ದಿಲ್ಲ. ಈಗ ನೋಡಿ." ನಾನು ಪುಟವನ್ನು ರಿಫ್ರೆಶ್ ಮಾಡಿದೆ. ಮೊಮ್ಮಗಳ ಹೆಸರು ಹೋಗಿ ಆ ಜಾಗದಲ್ಲಿ ಇನ್ನೊಬ್ಬ ಹುಡುಗಿಯ ಹೆಸರು ಬಂತು.

ಎಲ್ಲರಿಗೂ ಮನದಟ್ಟಾಗುವ ಕ್ಷಣ ಇದು ಎಂದು ನಾನು ತಿಳಿದಿದ್ದೆ. ತಾತ ಕುರ್ಚಿಯಿಂದ ಎದ್ದು ನಿಂತರು.

"ನೋಡುದ್ರಾ? ಎಲ್ಲಾ ನೋಡುದ್ರಾ? ಇಂಗೇ ಮಾಡಿರೋದು! ನಮ್ ಕಣ್ ಮುಂದೇನೇ ನಮ್ ಮಗಿ ಎಸ್ರು ಅಳ್ಸಿ ಅವ್ಳ ಎಸ್ರು ಬಂತು!"

"ತಾತ, ಅದು ತಾನಾಗೇ..."

"ಚಪ್ಲಿ ಅಂದ್ಯಲ್ಲಪ್ಪಾ ನೀನು. ನನ್ ಚಪ್ಲೀನ ಯಾವನಾದ್ರೂ ಆಕ್ಕೊಂಡೋದ್ರೆ ಅದ್ಕೇನಂತಾರೆ? ಕಳ್ತನ ಅಂತಾರೆ."

ಬಾಗಿಲಲ್ಲಿ ನಿಂತಿದ್ದವರಲ್ಲಿ ಯಾರೋ ನಕ್ಕರು. ಅವತ್ತಿನವರೆಗೆ, ಕಣ್ಣಾರೆ ತೋರಿಸಿದರೆ ಜನ ನಂಬುತ್ತಾರೆ ಎಂದುಕೊಂಡಿದ್ದೆ. ತೋರಿಸಿದ್ದನ್ನು ನಂಬಿದರು. ನಾನು ಹೇಳಿದ್ದನ್ನು ನಂಬಲಿಲ್ಲ.

ಉಳಿದ ದಾರಿ ಆ ಕಾಲೇಜು ಗುಂಪಿನ ಕಚೇರಿ. ಹೆಬ್ಬಾಳ ಫ್ಲೈಓವರಿನ ಕೆಳಗಿನ ರಸ್ತೆಯಲ್ಲಿ ಗಾಜಿನ ಕಟ್ಟಡ. ತಾತ ಬರಲೊಪ್ಪಲಿಲ್ಲ. ಇಬ್ಬರು ಹುಡುಗಿಯರು, ಆ ತಾಯಿ, ಆಪರೇಟರ್ ಮತ್ತು ನಾನು ಹೋದೆವು. ಕೌಂಟರಿನ ಅಧಿಕಾರಿಗೆ ನಾನು ನಡೆದದ್ದನ್ನು ಮೊದಲಿನಿಂದ ಹೇಳಿದೆ. ಮೊದಲ ಹುಡುಗಿಯ ಖಾತೆಯಲ್ಲಿ ಸೇವ್ ಆಗಿ ಲಾಕ್ ಆಗದೆ ಉಳಿದ ಆಯ್ಕೆಗಳಿವೆ, ಎರಡನೆಯವಳ ಖಾತೆಯಲ್ಲಿ ಲಾಕ್ ಆಗಿರುವವೂ ಅವೇ, ಕ್ರಮವೂ ಅದೇ, ಹೋಲಿಸಿ ನೋಡಿ ಎಂದೆ. ಫಾರ್ಮಿನ ಜೊತೆ ಅರ್ಜಿ ಸಂಖ್ಯೆಯನ್ನೂ ತರಿಸಿಕೊಂಡು, ಅದೂ ಲಾಗಿನ್ ಆದವರ ಸಂಖ್ಯೆಯೂ ಒಂದೇ ಹೌದೋ ಎಂದು ನಿಮ್ಮ ಸರ್ವರ್ ಪರೀಕ್ಷಿಸಬೇಕಿತ್ತು, ಪರೀಕ್ಷಿಸಿಲ್ಲ ಎಂದೆ.

"ಈ ಲಾಕ್ ಆಗಿರೋ ಖಾತೇಲಿ ಲಾಗಿನ್ ಯಾರ್ದು ಸಾರ್?"

"ಅವರದ್ದೇ."

"ಒಟಿಪಿ?"

"ಅವರದ್ದೇ."

"ಮತ್ತೆ? ಸೈಟ್ ಓಪನ್ ಆದಾಗ ಕೆಳಗಡೆ ಒಂದು ಪಟ್ಟಿ ಬರುತ್ತಲ್ಲ, 'ನಾವು ಕುಕಿಗಳನ್ನು ಬಳಸುತ್ತೇವೆ, ಒಪ್ಪಿಗೆ' ಅಂತ. ಒಪ್ಪಿಗೆ ಒತ್ತಿದಾರೋ ಇಲ್ವೋ?"

ಆಪರೇಟರ್ ಮೆಲ್ಲಗೆ ಹೇಳಿದರು. "ಅದನ್ನ ಒತ್ತದಿದ್ರೆ ಕೆಳಗಿನ ಬಟನ್ನೇ ಕಾಣಲ್ಲ ಸಾರ್. ಎಲ್ಲಾರ್ಗೂ ನಾನೇ ಒತ್ತೋದು."

"ನೋಡಿ, ನೀವೇ ಹೇಳ್ತಿದೀರ" ಎಂದ ಅವನು. ಬೇಸರದಿಂದಲ್ಲ, ಸಂತೋಷದಿಂದಲೇ ಹೇಳಿದ.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ ಮೊದಲ ಹುಡುಗಿ ನನ್ನ ಪಕ್ಕಕ್ಕೆ ಬಂದಳು. ಲಾರಿಗಳ ಸದ್ದಿನಲ್ಲಿ ಅವಳ ಮಾತು ನನಗಷ್ಟೇ ಕೇಳಿಸಿತು.

"ಅಂಕಲ್, ತಾತ ಕಾಯೋಣ ಅನ್ನದೆ ಆವಾಗ್ಲೇ ಒತ್ತಿಬಿಟ್ಟಿದ್ರೆ, ನಂದು ನಂಗೇ ಆಗ್ತಿತ್ತು ಅಲ್ವಾ?"

"ಹೌದಮ್ಮ."

"ಅವಳದ್ದೇನೂ ತಪ್ಪಿಲ್ಲ."

"ಇಲ್ಲ. ನಿಂದೂ ಇಲ್ಲ. ಒಂದೇ ಬ್ರೌಸರಲ್ಲಿ ಇಬ್ಬರನ್ನ ಕೂರಿಸಿದ್ದು, ಅದನ್ನ ಆ ಸೈಟು ತಡೀದೇ ಇದ್ದಿದ್ದು, ಅಷ್ಟೇ. ನೀನು ಹೇಳಿದ್ರೆ ತಾತ ನಂಬ್ತಾರೆ."

ಅವಳು ರಸ್ತೆಯ ಕಡೆ ಮುಖ ಮಾಡಿದಳು. "ರಾಹುಕಾಲಕ್ಕೆ ಕಾದಿದ್ದಕ್ಕೇ ಹೋಯ್ತು ಅಂತ ಗೊತ್ತಾದ್ರೆ ತಾತ ಉಳಿಯಲ್ಲ ಅಂಕಲ್" ಎಂದಳು.

ಆ ತಾಯಿಗೆ ಇದು ಕೇಳಿಸಿರಲಿಲ್ಲ. ಅವರ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಅಷ್ಟರಲ್ಲಾಗಲೇ ಕಳ್ಳತನದ ಮಾತು ಹಬ್ಬಿ, ಬೀದಿಯ ಹೆಂಗಸರು ಹೊಲಿಯಲು ಕೊಟ್ಟ ಬಟ್ಟೆಗಳನ್ನು ಹೊಲಿಯದೆಯೇ ವಾಪಸು ಒಯ್ಯತೊಡಗಿದ್ದರು. ತಾತನ ಸೊಸೆಯೂ ಸೀರೆಯನ್ನು ಅರ್ಧ ಕುಚ್ಚಿನಲ್ಲೇ ತರಿಸಿಕೊಂಡಿದ್ದಳು. ತಾಯಿ ನನ್ನನ್ನು ಕೇಳಿದರು: "ಅಣ್ಣ, ನಮ್ ಸೀಟ್ ನಾವು ಬಿಟ್ಕೊಟ್ರೆ ಆ ಹುಡುಗಿಗೆ ಕೊಡ್ತಾರಾ?"

"ಗ್ಯಾರಂಟಿ ಇಲ್ಲಮ್ಮ. ನಿಮ್ಮ ಮಗಳಿಗೂ ಈ ವರ್ಷ ಏನೂ ಉಳಿಯಲ್ಲ. ಯೋಚನೆ ಮಾಡಿ."

"ಗ್ಯಾರಂಟಿ ಯಾರ್ ಕೇಳಿದ್ರು. ನಾಳೆ ನಾನು ಅದೇ ಬೀದೀಲಿ ನಡೀಬೇಕಲ್ಲ."

ಮಗಳು ಅಮ್ಮನ ತೋಳು ಹಿಡಿದುಕೊಂಡಳು. ಬೇಡವೆನ್ನಲಿಲ್ಲ. ಎಲ್ಲರೂ ಮತ್ತೆ ಒಳಗೆ ಹೋದೆವು. ಸೀಟು ಬಿಡುತ್ತೇನೆ, ಇದನ್ನು ಇವಳಿಗೇ ಕೊಡಿ ಎಂದು ತಾಯಿ ಮೊದಲ ಹುಡುಗಿಯನ್ನು ಮುಂದೆ ನಿಲ್ಲಿಸಿ ಹೇಳಿದರು. "ನೋಡೋಣಮ್ಮ, ಮೇಲಿನವರಿಗೆ ಹೇಳ್ತೀನಿ" ಎಂದು ಅಧಿಕಾರಿ ಅಲ್ಲೇ ಕಂಪ್ಯೂಟರಿನಲ್ಲಿ ಸೀಟು ರದ್ದು ಮಾಡಿದ. ತಾಯಿಯ ಫೋನಿಗೆ ಮತ್ತೊಂದು ಒಟಿಪಿ ಬಂತು. ಆಕೆ ಗಟ್ಟಿಯಾಗಿ ಓದಿ ಹೇಳಿದರು.

ಆ ಸೀಟು ಎರಡನೆಯ ಸುತ್ತಿಗೆ ಹೋಯಿತು. ಮೊದಲ ಸುತ್ತಿನಲ್ಲಿ ಲಾಕ್ ಮಾಡದವರಿಗೂ ಸಿಕ್ಕ ಸೀಟು ಬಿಟ್ಟವರಿಗೂ ಎರಡನೆಯ ಸುತ್ತಿಲ್ಲ ಎಂಬುದು ಅವರ ನಿಯಮ. ಕೌಂಟರಿನಲ್ಲಿದ್ದವನಿಗೆ ಅದು ಗೊತ್ತಿರಲಿಲ್ಲವೆಂದು ನಾನು ನಂಬಲಾರೆ. ಸೀಟು ನಾವ್ಯಾರೂ ಕಂಡಿಲ್ಲದ ಮತ್ತಾರಿಗೋ ಸಿಕ್ಕಿತು. ಅವರದ್ದೇನೂ ತಪ್ಪಿಲ್ಲ. ಆ ವರ್ಷ ಈ ಇಬ್ಬರು ಹುಡುಗಿಯರಿಗೂ ಆ ಕಾಲೇಜುಗಳ ಬಾಗಿಲು ಮುಚ್ಚಿತು.

ಸುದ್ದಿ ತಿಳಿದಾಗ ತಾತ ಅಂಗಡಿಯ ಮುಂದೆ ನಿಂತು ಹೇಳಿದ್ದನ್ನು ನಾನೇ ಕೇಳಿದೆ.

"ಕದ್ದಿಲ್ದಿದ್ರೆ ವಾಪಸ್ ಯಾಕ್ ಕೊಡ್ತಿದ್ಲು?"

ಮೊಮ್ಮಗಳು ಪಕ್ಕದಲ್ಲೇ ಇದ್ದಳು. ನೆಲ ನೋಡುತ್ತಿದ್ದಳು.

ನಾನು ನನ್ನ ಕೈಲಾದದ್ದನ್ನು ಮಾಡಿದೆ, ಅದು ಕಂಪ್ಯೂಟರಿನ ಮಟ್ಟಿಗಷ್ಟೇ. ಯಜಮಾನರು ಪ್ರತಿ ಶುಕ್ರವಾರ ಪೂಜೆಯಾದ ಮೇಲೆ ಬ್ರೌಸರನ್ನೂ 'ಕ್ಲೀನ್' ಮಾಡುತ್ತಿದ್ದರು. ನೋಡಿದರೆ ಹಿಸ್ಟರಿಯ ಮುಂದೆ ಮಾತ್ರ ಟಿಕ್ ಇತ್ತು, ಕುಕಿಯ ಮುಂದಿನ ಟಿಕ್ ತೆಗೆದಿತ್ತು. ಕೇಳಿದರೆ, "ಅದನ್ನ ಅಳಿಸಿದ್ರೆ ನನ್ನ ಬಿಲ್ ಕಟ್ಟೋ ಲಾಗಿನ್ ಹೋಗುತ್ತೆ ಗುರು. ಒಟಿಪಿ ನನ್ ಫೋನಿಗೆ ಬರುತ್ತೆ, ನಾನು ಅಟ್ಟೂರಿನ ಮನೇಲಿರ್ತೀನಿ" ಎಂದರು. ಹಿಸ್ಟರಿ ಅಳಿಸಿದರೆ ಎಲ್ಲಿಗೆ ಹೋಗಿದ್ದೆವೆಂಬ ಗುರುತು ಮಾತ್ರ ಹೋಗುತ್ತದೆ, ಟೋಕನ್ನುಗಳು ಜೇಬಿನಲ್ಲೇ ಉಳಿಯುತ್ತವೆ. ಅಲ್ಲಿ ಎಷ್ಟೋ ಜನರ ಮೇಲ್ ಖಾತೆಗಳು ಇನ್ನೂ ತೆರೆದೇ ಇದ್ದವು. ಎಲ್ಲವನ್ನೂ ಅಳಿಸಿದೆ.

ಯಜಮಾನರ ಲಾಗಿನ್ನಿಗೆ ಬ್ರೌಸರಿನಲ್ಲೇ ಬೇರೆ ಪ್ರೊಫೈಲ್ ಮಾಡಿದೆ. ಪ್ರತಿ ಪ್ರೊಫೈಲಿಗೂ ಜೇಬು ಬೇರೆ. ಗಿರಾಕಿಗಳಿಗೆ ಅತಿಥಿ ಕಿಟಕಿ, ಅಂದರೆ ಮುಚ್ಚಿದೊಡನೆ ಟೋಕನ್ನೆಲ್ಲ ಅಳಿಸಿಹೋಗುವ ಗೆಸ್ಟ್ ವಿಂಡೋ: ಒಬ್ಬರ ಕೆಲಸ ಮುಗಿದು, ಲಾಗೌಟ್ ಒತ್ತಿ, ಕಿಟಕಿ ಪೂರ್ತಿ ಮುಚ್ಚಿದ ಮೇಲೆಯೇ ಇನ್ನೊಬ್ಬರು. ಆಪರೇಟರ್ ಕೇಳಿದರು, "ಎರಡು ಪ್ರೈವೇಟ್ ವಿಂಡೋ ತೆಗೆದು ಇಬ್ಬರದ್ದೂ ಮಾಡ್ಬೋದಾ?" ಆಗದು. ಒಂದೇ ಬ್ರೌಸರಿನ ಎರಡು ಖಾಸಗಿ ಕಿಟಕಿಗಳಿಗೂ ಜೇಬು ಒಂದೇ. ಹೆಚ್ಚಿನವರಿಗೆ ಇದು ತಿಳಿದಿಲ್ಲ. ಇಬ್ಬರದ್ದೂ ಒಟ್ಟಿಗೆ ಮಾಡಲೇಬೇಕೆಂದರೆ ಎರಡು ಬ್ರೌಸರ್ ಬೇಕು, ಇಲ್ಲವೆ ಎರಡು ಪ್ರೊಫೈಲ್. ಒತ್ತುವ ಮುಂಚೆ ಪುಟವನ್ನೊಮ್ಮೆ ರಿಫ್ರೆಶ್ ಮಾಡಿ ಮೂಲೆಯ ಹೆಸರು ನೋಡಬೇಕು.

ಮುಂದಿನ ವರ್ಷ ಅದೇ ವೆಬ್‌ಸೈಟಿನಲ್ಲಿ ಒಂದು ಟ್ಯಾಬಿನಲ್ಲಿ ಒಬ್ಬರ ಪುಟ ತೆರೆದಿರುವಾಗಲೇ ಪಕ್ಕದ ಟ್ಯಾಬಿನಲ್ಲಿ ಮತ್ತೊಬ್ಬರನ್ನು ಲಾಗಿನ್ ಮಾಡಿಸಿ ಪರೀಕ್ಷಿಸಿದೆ. ಮೊದಲ ಟ್ಯಾಬಿಗೆ ಮರಳಿದಾಗ ಕೆಂಪು ಅಕ್ಷರದಲ್ಲಿ 'ಈ ಬ್ರೌಸರಿನಲ್ಲಿ ಬೇರೆ ಅಭ್ಯರ್ಥಿ ಲಾಗಿನ್ ಆಗಿದ್ದಾರೆ' ಎಂದು ಬಂತು. ಸರಿಪಡಿಸಿದ್ದಾರೆ. ಅಂದರೆ ನಾವು ಹೇಳಿದ್ದು ಅವರಿಗೆ ಅರ್ಥವಾಗಿತ್ತು. ಆ ತಾಯಿಗೆ ಅವರು ಒಂದು ಮಾತನ್ನೂ ಹೇಳಿ ಕಳಿಸಲಿಲ್ಲ.

ತಾತ ತೀರಿಕೊಂಡರು. ಕೊನೆಯವರೆಗೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆ ತಾಯಿ ಸಾವಿನ ಮನೆಗೆ ಹೋಗಿದ್ದರು, ಗೇಟಿನ ಹೊರಗೇ ನಿಂತು ಬಂದರು.

ಆ ಶುಕ್ರವಾರ ಮೌಸ್ ಒತ್ತಿದ್ದನ್ನು ಕಂಡವರಲ್ಲಿ ನಾನಿದ್ದೇನೆ. ಆಪರೇಟರ್ ಇದ್ದಾರೆ, ಈಗ ಯಲಹಂಕದ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ. ಯಜಮಾನರು ಆ ಹೊತ್ತಿಗೆ ಅಂಗಡಿಯಲ್ಲಿರಲಿಲ್ಲ, ಅವರನ್ನು ಕೇಳಿ ಪ್ರಯೋಜನವಿಲ್ಲ. ಆ ತಾಯಿ ಇದ್ದಾರೆ, ಈಗ ಹೊಲಿಗೆಯನ್ನು ಶಿವಾಜಿನಗರದ ಅಂಗಡಿಗಳಿಂದ ತಂದು ಮಾಡುತ್ತಾರೆ. ಅವರ ಮಗಳಿದ್ದಾಳೆ. ಮತ್ತೆ, ಒತ್ತಿದವಳು ಇದ್ದಾಳೆ. ಆ ತಾಯಿ ಇರುವ ಹಿಂದಿನ ಬೀದಿಗೆ ಅವಳ ಮನೆಯಿಂದ ನಡೆದು ಹೋಗುವಷ್ಟೇ ದೂರ. ತಾತನಿಗೆ ನೋವಾಗಬಾರದೆಂದು ಅವಳು ಬಾಯಿ ಕಟ್ಟಿಕೊಂಡಿದ್ದಳು. ಈಗ ನೋಯಲು ತಾತ ಇಲ್ಲ. ಅವಳಿನ್ನೂ ಆ ಬೀದಿಗೆ ಹೋಗಿಲ್ಲ.